ಬಿಟ್ಟ ನೂಲು

ಮಗಳ ಕಾಯಿಲೆಗೆ ಊರಿನವರ ಮುಂದೆ ಹೇಳಲಿಕ್ಕೆ ಒಂದು ಹೆಸರು ಬೇಕಿತ್ತು. ಅಪ್ಪಿ ಮೂಲವ್ಯಾಧಿ ಎಂದುಬಿಟ್ಟಳು.

ಮೂಲವ್ಯಾಧಿಯೆಂದರೆ ಸ್ವಲ್ಪ ಮರ್ಯಾದೆಯ ಕಾಯಿಲೆ. ಶಾಲೆಯ ಮಾಷ್ಟ್ರಿಗೆ ಬರುತ್ತದೆ, ಬ್ಯಾಂಕಿನ ಮೆನೇಜರಿಗೆ ಬರುತ್ತದೆ. ಕೇಳಿದವರು ಮುಖ ಕಿವುಚದೆ, "ಖಾರ ಕಡಿಮೆ ಮಾಡ್ಲಿಕ್ಕೆ ಹೇಳು ಮಾರಾಯ್ತಿ" ಎಂದು ಹೋಗುತ್ತಾರೆ. ಆದರೆ ಹಾಗೆ ಹೇಳಿದ ಮೇಲೆ ಬಂದವರೆಲ್ಲ ಮದ್ದು ಹಿಡಿದುಕೊಂಡೇ ಬರತೊಡಗಿದರು. ಒಬ್ಬರು ಸುವರ್ಣಗೆಡ್ಡೆ ತಂದರು, ಇನ್ನೊಬ್ಬರು ನಾಚಿಕೆಮುಳ್ಳನ್ನು ಬೇರುಸಹಿತ ಕಿತ್ತು ತಂದರು, ಮಗದೊಬ್ಬರು ಮಜ್ಜಿಗೆಯಲ್ಲಿ ಅರೆದು ಕುಡಿಯಲಿಕ್ಕೆ ಎಂತದೋ ಕಾಯಿ ತಂದರು. ಸುವರ್ಣಗೆಡ್ಡೆಯನ್ನಂತೂ ತಾಯಿ ಮಗಳು ತಿಂದು ಮುಗಿಸಲಾಗದೆ, ಉಳಿದದ್ದು ಅಂಗಳದ ಮೂಲೆಯಲ್ಲಿ ಮೊಳಕೆ ಒಡೆದು ನಿಂತಿತ್ತು.

ನಿಜವಾದ ಕಾಯಿಲೆ ಬೇರೆ. ಮಗಳು ಯಶ್ಮಿತಾಳ ಕರುಳಿನಲ್ಲಿ ಹುಣ್ಣುಗಳೆದ್ದಿದ್ದವು. ವರ್ಷಗಟ್ಟಲೆ ಹೊಟ್ಟೆನೋವು, ಭೇದಿ, ಇಳಿದುಹೋದ ಮೈ. ಮಂಗಳೂರಿನ ಹೊಟ್ಟೆ ಡಾಕ್ಟರರು ಪೈಪು ಇಳಿಸಿ ನೋಡಿ ಅದಕ್ಕೆ ಕ್ರೋನ್ಸ್ ಎಂದು ಹೆಸರು ಹೇಳಿದರು. ಅಪ್ಪಿಯ ಬಾಯಲ್ಲಿ ಅದು ಕೋಣ್ಸ್ ಆಯಿತು. "ಸರಿಯಾದ ಹೆಸರೇ ಇಟ್ಟಿದ್ದಾರೆ. ಕೋಣ ಹೊಕ್ಕ ಗದ್ದೆಯ ಹಾಗೆಯೇ ಉಂಟಲ್ಲ ನಿನ್ನ ಹೊಟ್ಟೆ" ಎಂದರೆ ಮಗಳು ನಗಲೂ ಇಲ್ಲ, ತಿದ್ದಲೂ ಇಲ್ಲ. ಆಮೇಲೆ ಕಾಯಿಲೆ ಕೆಳಗಿಳಿಯಿತು. ಗುದದ್ವಾರದ ಪಕ್ಕದಲ್ಲಿ ಒಂದು ಕುರು ಎದ್ದಿತು, ಒಡೆಯಿತು, ಕೀವು ಹೋಯಿತು. ಮಾಸಿತು ಎನ್ನುವಷ್ಟರಲ್ಲಿ ಮತ್ತೆ ಎದ್ದಿತು. ಒಳಗಿನ ಕರುಳಿನಿಂದ ಹೊರಗಿನ ಚರ್ಮದವರೆಗೆ ಒಂದು ಸುರಂಗವೇ ಆಗಿಬಿಟ್ಟಿದೆ, ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ, ಆಪರೇಷನ್ ಆಗಬೇಕು ಎಂದರು.

ಯಶ್ಮಿತಾ ಉಪ್ಪಳದ ಒಂದು ಬಟ್ಟೆ ಅಂಗಡಿಯಲ್ಲಿ ಸೀರೆ ವಿಭಾಗದಲ್ಲಿದ್ದಳು. ಮೊದಲೆಲ್ಲ ಅಲ್ಲಿ ಹುಡುಗಿಯರಿಗೆ ಇಡೀ ದಿನ ನಿಂತೇ ಇರಬೇಕಿತ್ತು. ಕೂರುವುದೂ ಕೆಲಸದವರ ಹಕ್ಕು ಎಂದು ಕೇರಳ ಸರಕಾರ ಕಾನೂನು ಮಾಡಿದ ಮೇಲೆ ಧಣಿ ಗೊಣಗಿಕೊಂಡೇ ಪ್ಲಾಸ್ಟಿಕ್ ಸ್ಟೂಲುಗಳನ್ನು ತರಿಸಿ ಹಾಕಿದ್ದ. "ನೋಡಮ್ಮ, ಸರಕಾರ ಕೂರ್ಲಿಕ್ಕೆ ಹಕ್ಕು ಕೊಟ್ಟಿತು. ಕೂರ್ಲಿಕ್ಕೆ ಬೇಕಾದದ್ದನ್ನು ದೇವರು ಕಿತ್ತುಕೊಂಡ" ಎಂದು ಅವಳು ಒಮ್ಮೆ ಹೇಳಿದ್ದಳು. ಅದನ್ನು ಹೇಳುವಾಗ ನಕ್ಕಿದ್ದಳು. ಆಗಿನ್ನೂ ಅವಳಲ್ಲಿ ನಗು ಉಳಿದಿತ್ತು.

ಅಪ್ಪಿಯದು ಬೀಡಿ ಕೆಲಸ. ಬಂದ್ಯೋಡಿನಿಂದ ಒಳಗೆ, ಗುಡ್ಡದ ಬದಿಯ ಮನೆಯ ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ತಡ್ಪೆ, ಅಂದರೆ ಬೀಡಿಯ ಮೊರ, ಇಟ್ಟುಕೊಂಡು ಕೂತರೆ ಸಂಜೆಯವರೆಗೆ ಕೈ ನಿಲ್ಲುವುದಿಲ್ಲ. ಎಲೆ ಕತ್ತರಿಸಿ, ಹೊಗೆಸೊಪ್ಪಿನ ಹುಡಿ ತುಂಬಿಸಿ, ಸುರುಟಿ, ಬಾಯಿ ಮಡಚಿ, ನೂಲು ಸುತ್ತಿ ಗಂಟು. ಹುಡುಗಿಯಾಗಿದ್ದಾಗಿನಿಂದ ಹಾಕಿದ ಗಂಟುಗಳು. ಅದನ್ನು ಅವಳ ಬೆರಳುಗಳು ಹಾಕುತ್ತಿದ್ದವೇ ಹೊರತು ಅವಳು ಹಾಕುತ್ತಿರಲಿಲ್ಲ. ಕಟ್ಟಿದ ಬೀಡಿಯನ್ನು ಒಯ್ದು ಕೊಡುವ ಜಾಗಕ್ಕೆ ಆ ಕಡೆಯಲ್ಲೆಲ್ಲ ಬ್ರಾಂಚ್ ಎನ್ನುತ್ತಾರೆ. ಬ್ರಾಂಚಿನಲ್ಲಿ ನೋಡುವವನು ಒಂದೊಂದು ಕಟ್ಟನ್ನು ಕೈಯಲ್ಲಿ ಉರುಳಿಸಿ, ಸಡಿಲವಾದದ್ದನ್ನು ಹೆಕ್ಕಿ, "ಇದು ನೂಲು ಬಿಟ್ಟದ್ದು" ಎಂದು ಬದಿಗೆ ಎಸೆಯುತ್ತಾನೆ. ನೂಲು ಬಿಟ್ಟದ್ದೆಂದರೆ ಮಾಡಿದವಳ ಕೈ ಸರಿಯಿಲ್ಲ ಎಂದು ಎಲ್ಲರ ಮುಂದೆ ಹೇಳಿದ ಹಾಗೆ. ಅಪ್ಪಿಯ ಕಟ್ಟಿನಿಂದ ನೂಲು ಬಿಟ್ಟದ್ದು ಹೆಕ್ಕಿ ಎಷ್ಟೋ ವರ್ಷವಾಗಿತ್ತು.

ಆಪರೇಷನ್ ಆಯಿತು. ಡಿಸ್ಚಾರ್ಜ್ ದಿನ ದೊಡ್ಡ ಡಾಕ್ಟರ್ ಶ್ರೀರಂಜಿನಿ ಮೇಡಂ ಬೇರೊಂದು ಆಪರೇಷನ್‌ನಲ್ಲಿದ್ದರು. ಹುಡುಗ ಡಾಕ್ಟರನೊಬ್ಬ ಬಂದು, ಮಾತ್ರೆಗಳ ಚೀಟಿ ಕೊಟ್ಟು, ದಿನಾಲೂ ಉಪ್ಪು ಹಾಕಿದ ಬಿಸಿನೀರಿನಲ್ಲಿ ಕೂರಬೇಕು ಎಂದು ಹೇಳಿ, ಹೊರಡುತ್ತಾ ಬಾಗಿಲಲ್ಲಿ ನಿಂತು ಒಂದು ಮಾತು ಸೇರಿಸಿದ.

"ಮತ್ತೆ ಅಮ್ಮ, ಅಲ್ಲಿ ಒಂದು ನೂಲು ಬಿಟ್ಟಿದ್ದೇವೆ ಆಯ್ತಾ. ಗಾಬರಿ ಆಗ್ಬೇಡಿ."

ಚೀಟಿ ಮಡಚುತ್ತಿದ್ದ ಅಪ್ಪಿ ತಲೆ ಎತ್ತಿದಳು. ಇಷ್ಟು ದೊಡ್ಡ ಆಸ್ಪತ್ರೆಯಲ್ಲಿ ನೂಲು ಬಿಟ್ಟಿದ್ದಾರಂತೆ! ಅದನ್ನು ಇವನು ಬಾಯಿ ಬಿಟ್ಟು ಹೇಳುತ್ತಾನೆ ಬೇರೆ. ಕೇಳಬೇಕು ಎನ್ನುವಷ್ಟರಲ್ಲಿ ಅವನು ಆಚೆ ವಾರ್ಡಿಗೆ ಹೋಗಿಯಾಗಿತ್ತು. ಯಶ್ಮಿತಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

ಮನೆಗೆ ಬಂದು ಮೊದಲ ಸಲ ಡ್ರೆಸ್ಸಿಂಗ್ ಬಿಚ್ಚಿದಾಗ ಅಪ್ಪಿ ಅದನ್ನು ನೋಡಿದಳು. ರಬ್ಬರಿನ ಹಾಗಿನ ನೀಲಿ ನೂಲು. ಕುರುವಿನ ತೂತಿನಿಂದ ಒಳಹೊಕ್ಕು, ಗುದದ್ವಾರದಿಂದ ಹೊರಬಂದು, ಎರಡು ತುದಿ ಸೇರಿಸಿ ಗಂಟು ಹಾಕಿ, ಒಂದು ಉಂಗುರದ ಹಾಗೆ ಜೋತುಬಿದ್ದಿತ್ತು. ಬೆರಳು ಹಾಕಿದರೆ ಆಚೆ ಈಚೆ ಸರಾಗವಾಗಿ ತಿರುಗುವಷ್ಟು ಸಡಿಲ.

"ಇದೆಂತ ಕೆಲಸ!" ಎಂದಳು ಅಪ್ಪಿ. "ನಮ್ಮ ಬ್ರಾಂಚಿನಲ್ಲಾದ್ರೆ ಇದನ್ನು ಮುಖಕ್ಕೆ ಬಿಸಾಡ್ತಿದ್ರು."

"ಅಮ್ಮ, ಬೇಗ ಮುಗಿಸು. ಚಳಿಯಾಗ್ತದೆ."

ದಿನಗಳು ಹೀಗೇ ಹೋದವು. ಹಂಡೆಯಲ್ಲಿ ನೀರು ಕಾಯಿಸುವುದು, ಬೇಸಿನಿಗೆ ಹಾಕುವುದು, ಮೊಣಕೈ ಅದ್ದಿ ಬಿಸಿ ನೋಡುವುದು. ಮಗಳು ಕೂರುತ್ತಾಳೆ, ಗೋಡೆ ಹಿಡಿದು ಏಳುತ್ತಾಳೆ, ಇವಳು ಒರೆಸುತ್ತಾಳೆ, ಹತ್ತಿಬಟ್ಟೆ ಇಡುತ್ತಾಳೆ. ನೂಲಿನ ಗುಂಟ ಕೀವು ಜಿನುಗಿ ಬಟ್ಟೆ ಒದ್ದೆಯಾಗುತ್ತದೆ, ಬದಲಿಸುತ್ತಾಳೆ. ಪ್ರತಿ ಸಲ ಕಕ್ಕಸಿಗೆ ಹೋದ ಮೇಲೂ ಮತ್ತೆ ಇದೇ. ಕ್ರೋನ್ಸ್ ಇರುವವಳು ದಿನಕ್ಕೆ ಎಷ್ಟು ಸಲ ಹೋಗುತ್ತಾಳೆಂದು ಲೆಕ್ಕ ಇಡುವುದನ್ನು ಅಪ್ಪಿ ಯಾವತ್ತೋ ಬಿಟ್ಟಿದ್ದಳು. ನಡುವೆ ಮಂಗಳೂರಿಗೆ ಹೋಗಿ, ಕರುಳಿನ ಹುಣ್ಣಿಗೆಂದು ಡ್ರಿಪ್ಪಿನಲ್ಲಿ ಹಾಕುವ ದೊಡ್ಡ ಮದ್ದು ಹಾಕಿಸಿಕೊಂಡು ಬರಬೇಕು. ರೈಲಿನಲ್ಲಿ ಮಗಳು ನಿಂತೇ ಹೋಗುವುದು, ನಿಂತೇ ಬರುವುದು. ಸೀಟು ಬಿಟ್ಟುಕೊಟ್ಟವರಿಗೆ, "ಅವಳಿಗೆ ನಿಲ್ಲುದೇ ಇಷ್ಟ" ಎಂದು ಅಪ್ಪಿ ಹೇಳಿ ತಾನು ಕೂತುಬಿಡುತ್ತಿದ್ದಳು. ಕೂತಲ್ಲೇ ಕಣ್ಣು ಮುಚ್ಚುತ್ತಿತ್ತು. ಎಚ್ಚರವಾದಾಗ ಎದುರು ಮಗಳ ಚೂಡಿದಾರದ ತುದಿ ಗಾಳಿಗೆ ಹಾರುತ್ತಿರುತ್ತಿತ್ತು.

ಶಾರ್ಜಾದ ಹೋಟೆಲಿನಲ್ಲಿ ಕೆಲಸಕ್ಕಿದ್ದ ಗಂಡ ಫೋನು ಮಾಡಿದಾಗಲೆಲ್ಲ ಅದೇ ಪ್ರಶ್ನೆ. "ಮೂಲವ್ಯಾಧಿಗೆ ಇಷ್ಟು ಸಮಯವಾ? ಇಲ್ಲಿ ನಮ್ಮ ರೂಮಿನವನಿಗೆ ಲೇಸರು ಮಾಡಿ ಮರುದಿನ ಕೆಲಸಕ್ಕೆ ಬಂದ."

"ಹಾಗಾದ್ರೆ ಅಲ್ಲಿಂದ ಆ ಲೇಸರನ್ನು ಕಟ್ಟಿ ಕಳಿಸಿ" ಎಂದು ಅಪ್ಪಿ ಫೋನು ಇಟ್ಟಿದ್ದಳು. ಗಂಡನಿಗೂ ಅವಳು ನಿಜ ಹೇಳಿರಲಿಲ್ಲ. ಒಮ್ಮೆ ಹೇಳಿದ ಹೆಸರನ್ನು ಬದಲಿಸುವಷ್ಟು ತ್ರಾಣ ಯಾರಿಗುಂಟು?

ಅಂತಹದರಲ್ಲಿ ನಿಜ ಕಂಡುಹಿಡಿದವನು ಆಟೋದ ಬಟ್ಯ. ಸ್ಟೇಶನ್ನಿಗೆ ಹೋಗಲಿಕ್ಕೆ, ಬರಲಿಕ್ಕೆ ಅವನ ಆಟೋವೇ. ವಯಸ್ಸಾದರೂ ಬಾಯಿಗೆ ವಯಸ್ಸಾಗದ ಮನುಷ್ಯ. ಒಂದು ದಿನ ಕನ್ನಡಿಯಲ್ಲಿ ಹಿಂದೆ ನೋಡುತ್ತಾ ಕೇಳಿದ.

"ಎಂತ ಅಪ್ಪಿ, ನಿನ್ನ ಮಗಳು ಸೀಟಿನಲ್ಲಿ ಕೂರದೆ ಕಂಬಿಯಲ್ಲಿ ನೇತಾಡ್ತಾಳಲ್ಲ? ನನ್ನ ಸೀಟಿನಲ್ಲಿ ಮುಳ್ಳುಂಟಾ?"

"ಮೂಲವ್ಯಾಧಿ ಅಂತ ಹೇಳಿದ್ದೆನಲ್ಲ ಬಟ್ಯಣ್ಣ."

"ನನ್ನ ಹತ್ತಿರ ಎಂತಕ್ಕೆ ಸುಳ್ಳು? ಮೂಲವ್ಯಾಧಿಯವರು ಕೂರುವ ಕ್ರಮವೇ ಬೇರೆ. ಇದು ಫಿಸ್ತುಲ. ನಾನು ಒಂದೇ ಕುಂಡೆಯಲ್ಲಿ ವರ್ಷಗಟ್ಟಲೆ ಆಟೋ ಓಡಿಸಿದವ. ನನಗೆ ಗೊತ್ತಾಗುದಿಲ್ವಾ?"

ಅಪ್ಪಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆದರೆ ಯಶ್ಮಿತಾ ಎಷ್ಟೋ ತಿಂಗಳ ನಂತರ ಕಿಸಕ್ಕನೆ ನಕ್ಕಳು. ಅದೊಂದಕ್ಕೆ ಅಪ್ಪಿ ಬಟ್ಯನ ಬಾಯಿಯನ್ನು ಕ್ಷಮಿಸಿದಳು.

"ಮತ್ತೆ ನಿಮಗೆ ಹೇಗೆ ಗುಣ ಆಯ್ತು?" ಯಶ್ಮಿತಾಳೇ ಕೇಳಿದಳು.

"ನೂಲು ಹಾಕಿ. ಆಯುರ್ವೇದದ ಡಾಕ್ಟ್ರು ಮದ್ದಿನ ನೂಲು ಹಾಕಿದ್ರು. ವಾರಕ್ಕೊಮ್ಮೆ ಹೋಗುದು, ಅವರು ಬದಲಿಸಿ ಬಿಗಿ ಮಾಡುದು. ಬಿಗಿ ಮಾಡುವಾಗ ಹಗಲಲ್ಲೇ ನಕ್ಷತ್ರ ಕಾಣ್ತಿತ್ತು ನನಗೆ. ಆದ್ರೆ ನೂಲು ಸ್ವಲ್ಪ ಸ್ವಲ್ಪವೇ ಕೊಯ್ದುಕೊಂಡು ಹೊರಗೆ ಬರ್ತದೆ, ಹಿಂದಿನಿಂದ ಮಾಸಿಕೊಂಡು ಬರ್ತದೆ. ಒಂದು ದಿನ ಸ್ನಾನ ಮಾಡುವಾಗ ತಾನಾಗಿ ಕಳಚಿ ಕೈಗೆ ಬಂತು ಮಾರಾಯ್ತಿ. ಅಲ್ಲಿಗೆ ಮುಗೀತು. ನಿಮ್ಮದಕ್ಕೂ ನೂಲು ಹಾಕಿದ್ದಾರಾ? ಬಿಗಿ ಮಾಡ್ತಾರಾ?"

"ಇಲ್ಲ" ಎಂದಳು ಅಪ್ಪಿ, ನಾಚಿಕೆ ಬಿಟ್ಟು. "ಸಡಿಲ ಉಂಟು. ನೇತಾಡ್ತದೆ."

"ಸಡಿಲವಾ?" ಬಟ್ಯ ಆಟೋವನ್ನೇ ನಿಧಾನ ಮಾಡಿದ. "ಸಡಿಲ ಇದ್ರೆ ಅದು ಹೊರಗೆ ಬರುದು ಯಾವಾಗ? ಅದೆಂತ ಬೆಳ್ಳಿಯ ಉಡಿದಾರವಾ, ಚಂದಕ್ಕೆ ಹಾಕ್ಲಿಕ್ಕೆ?"

ಆ ಮಾತು ಅಪ್ಪಿಯ ತಲೆಯೊಳಗೆ ಹೊಕ್ಕು ಕೂತಿತು. ಬೀಡಿ ಸುತ್ತುವಾಗ ಕೂತಿತು, ನೀರು ಕಾಯಿಸುವಾಗ ಕೂತಿತು. ಬಟ್ಯನಿಗೆ ಗುಣವಾಗಿದೆ. ಬಟ್ಯನಿಗೂ ನೂಲೇ, ಮಗಳಿಗೂ ನೂಲೇ. ಬಟ್ಯನದ್ದು ಬಿಗಿ, ಮಗಳದ್ದು ಬಿಟ್ಟದ್ದು. ಆ ಹುಡುಗ ಡಾಕ್ಟರನೇ ಹೇಳಿದ್ದಾನಲ್ಲ, ನೂಲು ಬಿಟ್ಟಿದ್ದೇವೆ ಎಂದು. ಇದರಲ್ಲಿ ತಿಳಿಯದ್ದು ಎಂತ ಉಂಟು?

ಆದರೂ ಒಮ್ಮೆ ಕೇಳೋಣವೆಂದು ಆಸ್ಪತ್ರೆಗೆ ಫೋನು ಮಾಡಿದಳು. ಜಗಲಿಯಲ್ಲಿ ಆ ಹೊತ್ತು ಬೀಡಿಯ ಹೆಂಗಸರು ಇಬ್ಬರು ಕೂತಿದ್ದರು. ಆಚೆಯಿಂದ ಒಬ್ಬಳು, "ಮೇಡಂ ಓಟಿಯಲ್ಲಿದ್ದಾರೆ. ಎಂತ ಪ್ರಾಬ್ಲಮ್ ಹೇಳಿ, ಬರೆದಿಡ್ತೇನೆ" ಎಂದಳು.

"ಅದು... ನೂಲು" ಎಂದಳು ಅಪ್ಪಿ.

"ಎಂತ? ಜೋರಾಗಿ ಹೇಳಿ."

ಕತ್ತರಿಯ ಶಬ್ದ ನಿಂತಿತ್ತು. ಇಬ್ಬರೂ ತಲೆ ಎತ್ತಿ ಇವಳನ್ನೇ ನೋಡುತ್ತಿದ್ದರು.

"ಮತ್ತೆ ಮಾಡ್ತೇನೆ" ಎಂದು ಅಪ್ಪಿ ಇಟ್ಟುಬಿಟ್ಟಳು.

ಮಾರನೆಯ ದಿನ ಮಧ್ಯಾಹ್ನ, ಬಿಸಿನೀರಿನಿಂದ ಎದ್ದು ಮಗಳು ಕಿಟಕಿಯ ಪಕ್ಕದ ಮಂಚದಲ್ಲಿ ಮಗ್ಗುಲಾಗಿ ಮಲಗಿದ್ದಾಗ ಅಪ್ಪಿ ತಡ್ಪೆಯಿಂದ ಕೆಂಪು ಬೀಡಿ ನೂಲಿನ ಉಂಡೆ ತಂದಳು.

"ಯಶೂ, ಒಂದು ಗಂಟು ಹಾಕ್ತೇನೆ. ಅದು ಹೀಗೆ ನೇತಾಡಿಕೊಂಡಿದ್ರೆ ಜನ್ಮದಲ್ಲಿ ಬರುದಿಲ್ಲ."

"ಡಾಕ್ಟ್ರು ಹಾಗೆ ಹೇಳ್ಲಿಲ್ಲ ಅಮ್ಮ."

"ಬೇಡ ಅಂತಲೂ ಹೇಳ್ಲಿಲ್ಲವಲ್ಲ."

ಮಗಳು ದಿಂಬನ್ನು ಎದೆಗೆ ಎಳೆದುಕೊಂಡಳು. ಕಿಟಕಿಯ ಹೊರಗೆ ಯಾರದೋ ಮೊಬೈಲಿನಲ್ಲಿ ಮಲಯಾಳ ಸೀರಿಯಲ್ಲಿನ ಅಳು ಕೇಳುತ್ತಿತ್ತು.

"ನನಗೂ ಸಾಕಾಗಿದೆ" ಎಂದಳು ಕೊನೆಗೆ. "ಎಂತಾದ್ರೂ ಮಾಡು. ಒಮ್ಮೆ ಮುಗಿದ್ರೆ ಸಾಕು."

ಅಪ್ಪಿ ಕೈ ತೊಳೆದುಕೊಂಡಳು. ನೂಲನ್ನು ಕುದಿಯುವ ನೀರಿನಲ್ಲಿ ಅದ್ದಿದಳು, ಅಷ್ಟು ಅವಳಿಗೆ ಗೊತ್ತಿತ್ತು. ನೀಲಿ ಉಂಗುರವನ್ನು ಚರ್ಮದ ಹತ್ತಿರ ಚಿವುಟಿ ಹಿಡಿದು, ಕೆಂಪು ನೂಲು ಸುತ್ತಿ, ಎಳೆದು, ಬೆರಳಿನ ತುದಿಯಲ್ಲಿ ಗಂಟು ಕೂರಿಸಿದಳು. ಮಗಳು ದಿಂಬು ಕಚ್ಚಿದಳು. ಸಡಿಲವೆಲ್ಲ ಹೋಗಿ ನೂಲು ಮಾಂಸಕ್ಕೆ ಒತ್ತಿ ನಿಂತಿತು. ಎಷ್ಟೋ ದಿನಗಳಲ್ಲಿ ಮೊದಲ ಸಲ ಒಂದು ಕೆಲಸ ಸರಿಯಾಗಿ ಮುಗಿಸಿದ ಹಾಗೆ ಅಪ್ಪಿಗೆ ಅನಿಸಿತು.

ನೋವಾಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಬಟ್ಯನಿಗೂ ನಕ್ಷತ್ರ ಕಂಡಿತ್ತಲ್ಲ. ಹಾಗಾಗಿ ಮೊದಲು ಯಾರೂ ಹೆದರಲಿಲ್ಲ. ಆಮೇಲೆ ಜಿನುಗುವುದು ನಿಂತಿತು, ಬಟ್ಟೆ ಒಣಗಿಯೇ ಇತ್ತು. ಅದನ್ನು ನೋಡಿ ಅಪ್ಪಿ ಸಂತೋಷವನ್ನೂ ಪಟ್ಟಳು. ಒಣಗುತ್ತಾ ಬಂತು ಎಂದಳು. ಒಣಗಿದ್ದಲ್ಲ, ಒಳಗೆ ತುಂಬುತ್ತಿದ್ದದ್ದು. ಪೃಷ್ಠದ ಒಂದು ಬದಿ ಕೆಂಪಾಗಿ, ಕಲ್ಲಿನ ಹಾಗೆ ಗಟ್ಟಿಯಾಗಿ, ಮಗಳಿಗೆ ಮೈ ನಡುಗುವ ಚಳಿಜ್ವರ ಬಂತು. ಅಪ್ಪಿ ಬಟ್ಯನನ್ನು ಕೂಗಿದಳು. ಆ ಸಲ ರೈಲಿಗೆ ಕಾಯಲಿಲ್ಲ. ತಲಪಾಡಿ ದಾಟಿ ಮಂಗಳೂರಿನವರೆಗೂ ಅವನು ಆಟೋದಲ್ಲೇ ಕರೆದುಕೊಂಡು ಹೋದ. ಹಿಂದಿನ ಸೀಟಿನಲ್ಲಿ ಮಗಳು ಬೋರಲು ಬಿದ್ದು ತಾಯಿಯ ತೊಡೆಯ ಮೇಲೆ ತಲೆ ಇಟ್ಟಿದ್ದಳು. ಬಟ್ಯ ದಾರಿಯುದ್ದಕ್ಕೂ ಹೊಂಡ ತಪ್ಪಿಸಿ ತಪ್ಪಿಸಿ ಓಡಿಸಿದ.

ಶ್ರೀರಂಜಿನಿ ಮೇಡಂ ಪರದೆಯೊಳಗೆ ಪರೀಕ್ಷೆ ಮಾಡಿದರು. ಅಪ್ಪಿ ಮಗಳ ತಲೆಯ ಹತ್ತಿರ ನಿಂತಿದ್ದಳು.

"ಇದು ನಮ್ಮ ನೂಲಲ್ಲ" ಎಂದಿತು ಮೇಡಮ್ಮಿನ ಸ್ವರ. "ಈ ಕೆಂಪಿದ್ದು. ಯಾರು ಕಟ್ಟಿದ್ದು?"

"ನಾನೇ" ಎಂದಳು ಯಶ್ಮಿತಾ, ದಿಂಬಿನೊಳಗಿನಿಂದ.

"ನೀವು ನಿಮ್ಮ ಹಿಂದುಗಡೆ ಕೈ ಹಾಕಿ, ಕಾಣದೆ, ಇಂತಹ ಗಂಟು ಹಾಕಿದ್ರಾ? ನನಗೇ ಹೀಗೆ ಹಾಕ್ಲಿಕ್ಕೆ ಬರುದಿಲ್ಲ."

ಅಪ್ಪಿ ತನ್ನ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು. ಆಮೇಲೆ, "ನಾನು ಮೇಡಂ. ಬೀಡಿಯ ನೂಲು. ಬಿಸಿನೀರಿಗೆ ಹಾಕಿಯೇ ಕಟ್ಟಿದ್ದು" ಎಂದಳು.

ಮೇಡಂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕತ್ತರಿ ತರಿಸಿ ಕೆಂಪು ನೂಲನ್ನು ಕತ್ತರಿಸಿದರು. ಕತ್ತರಿಸಿದ್ದೇ ತಡ ಕೀವು ಹರಿಯಿತು. ಮಗಳು ನರಳಿದ್ದು ನೋವಿಗೋ ನೋವು ಬಿಟ್ಟದ್ದಕ್ಕೋ ತಿಳಿಯಲಿಲ್ಲ. ಹೊರಗೆ ಬಂದು ಮೇಡಂ ಕೈಗವಸು ಕಳಚಿ, ಗೋಡೆಗೆ ಒರಗಿ ನಿಂತರು. ಅವರೂ ಬೆಳಗ್ಗಿನಿಂದ ಕೂತಿರಲಿಲ್ಲವೋ ಏನೋ, ಒಂದು ಪಾದವನ್ನು ಚಪ್ಪಲಿಯಿಂದ ಹೊರಗೆ ತೆಗೆದು ಮತ್ತೊಂದರ ಮೇಲೆ ಇಟ್ಟರು.

"ಎಂತಕ್ಕೆ ಬಿಗಿ ಮಾಡಿದ್ದು ಅಮ್ಮ?"

"ನಿಮ್ಮ ಸಣ್ಣ ಡಾಕ್ಟ್ರೇ ಹೇಳಿದ್ರು, ನೂಲು ಬಿಟ್ಟಿದ್ದೇವೆ ಅಂತ. ನಮ್ಮಲ್ಲಿ ನೂಲು ಬಿಟ್ಟದ್ದು ಅಂದ್ರೆ ಕೆಟ್ಟ ಕೆಲಸ. ರಿಜೆಕ್ಟು. ನೋಡಿದ್ರೆ ಹಾಗೆಯೇ ಉಂಟು. ಮತ್ತೆ ನಮ್ಮ ಆಟೋದವರಿಗೆ ಬಿಗಿ ಮಾಡಿಯೇ ಗುಣ ಆದದ್ದು."

ಮೇಡಂ ಕಣ್ಣು ಮುಚ್ಚಿ ತೆರೆದರು. "ಬಿಟ್ಟಿದ್ದೇವೆ ಅಂದ್ರೆ ಅಲ್ಲೇ ಇರ್ಲಿ ಅಂತ ಬಿಟ್ಟದ್ದು. ಬೇಕೂಂತ್ಲೇ. ನಿಮ್ಮ ಆಟೋದವರಿಗೆ ಫಿಸ್ಟುಲಾ ಮಾತ್ರ ಇದ್ದದ್ದು, ಕರುಳು ಸರಿ ಇತ್ತು. ಅವರದ್ದು ಕೊಯ್ದರೆ ಮಾಸ್ತದೆ. ನಿಮ್ಮ ಮಗಳ ಕರುಳಿನಲ್ಲಿ ಬೆಂಕಿ ಉಂಟು. ಅದು ತಣಿಯುವವರೆಗೆ ನಾವು ಅಲ್ಲಿ ಎಂತ ಕೊಯ್ದರೂ ಮಾಸುದಿಲ್ಲ. ಹಾಗೆ ಅಂತ ತೂತಿನ ಬಾಯಿ ಮುಚ್ಚಿದ್ರೆ ಕೀವು ಒಳಗೇ ನಿಂತು ಬೇರೆ ದಾರಿ ಕೊರೀತದೆ. ನೂಲು ಸಡಿಲ ಇದ್ರೆ ತೋಡಿನ ಹಾಗೆ ಹರಿದು ಹೋಗ್ತಾ ಇರ್ತದೆ. ಜಿನುಗಿದ್ರೆ ಒಳ್ಳೇದು. ಒದ್ದೆಯಾದ್ರೆ ಒಳ್ಳೇದು."

"ಒದ್ದೆಯಾದ್ರೆ ಒಳ್ಳೇದು" ಎಂದಳು ಅಪ್ಪಿ, ಪಾಠ ಒಪ್ಪಿಸುವವಳಂತೆ.

"ಇನ್ನೊಂದು ಉಂಟು. ಆ ದಾರಿ ಹೋಗುದು, ನಾವು ತಡೆದುಕೊಳ್ಳುವ ಮಾಂಸ ಉಂಟಲ್ಲ, ಕಕ್ಕಸು ಬಂದಾಗ ಹಿಡಿದುಕೊಳ್ತೇವಲ್ಲ, ಅದರ ನಡುವಿನಿಂದ. ಬಿಗಿ ನೂಲು ಅದನ್ನೇ ಕೊಯ್ಯುದು."

ಅಪ್ಪಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಬೆಂಚು ಎಲ್ಲಿದೆ ಎಂದು ಕೈಯಲ್ಲಿ ತಡಕಿ ಕೂತಳು.

"ಕೊಯ್ದಿದೆಯಾ?"

"ಸ್ವಲ್ಪ. ಎಷ್ಟು ಅಂತ ಓಟಿಯಲ್ಲಿ ನೋಡ್ಬೇಕು. ನೋಡಿದ್ರೂ ಈಗ ಹೇಳ್ಲಿಕ್ಕೆ ಆಗುದಿಲ್ಲ, ಬಾವು ಇಳಿದ ಮೇಲೆಯೇ ಗೊತ್ತಾಗುದು. ಗಂಟು ಅಷ್ಟು ಒಳ್ಳೇದಿಲ್ಲದಿದ್ರೆ ಇಷ್ಟು ತೊಂದರೆ ಆಗ್ತಿರ್ಲಿಲ್ಲ ಅಮ್ಮ."

ಅದು ಬೈಗಳಲ್ಲ, ತಮಾಷೆಯೂ ಅಲ್ಲ. ಅಷ್ಟು ಹೇಳಿ ಮೇಡಂ ಚಪ್ಪಲಿ ಸರಿಮಾಡಿಕೊಂಡು ಒಳಗೆ ಹೋದರು.

ಓಟಿಯ ಹೊರಗೆ ಬಟ್ಯ ಬಂದು ಪಕ್ಕದಲ್ಲಿ ಕೂತ. ಕ್ಯಾಂಟೀನಿನಿಂದ ಚಾ ತಂದಿದ್ದ. ಅಪ್ಪಿ ಎಲ್ಲವನ್ನೂ ಅವನಿಗೆ ಹೇಳಿದಳು, ಮೂಲವ್ಯಾಧಿ ಎಂಬ ಹೆಸರನ್ನು ಕಳಚಿಟ್ಟು, ಕೋಣ್ಸಿನಿಂದ ಹಿಡಿದು ಕೆಂಪು ನೂಲಿನವರೆಗೆ. ಅವನು ಚಾ ಕುಡಿಯದೆ ಕೇಳಿದ.

"ನನ್ನ ಬಾಯಿಯೊಂದು" ಎಂದ.

"ನಿನ್ನ ಬಾಯಿ ಎಂತ ಮಾಡಿತು? ಕೈ ನನ್ನದು."

"ಅವಳೇ ನಾನು ಕಟ್ಟಿದ್ದು ಅಂತ ಹೇಳಿದಳಾ?"

"ಹೇಳಿದಳು. ನೋವಿನಲ್ಲೂ ಹೇಳಿದಳು." ಅಪ್ಪಿಗೆ ಅಳಬೇಕೆಂದರೆ ಅದಕ್ಕೂ ಶಕ್ತಿ ಇರಲಿಲ್ಲ. ಚಾ ಕುಡಿದಳು. ಸಕ್ಕರೆ ಜಾಸ್ತಿಯಿತ್ತು.

ಮೇಡಂ ಕೀವು ತೊಳೆದು ತೆಗೆದು, ಹೊಸ ನೀಲಿ ನೂಲು ಹಾಕಿದ್ದರು. ಮೊದಲಿನಷ್ಟೇ ಸಡಿಲ. ಎಷ್ಟು ದಿನ ಎಂದು ಅಪ್ಪಿ ಕೇಳಿದ್ದಕ್ಕೆ, "ದಿನ ಅಲ್ಲ. ತಿಂಗಳು. ವರ್ಷವೂ ಆಗ್ಬಹುದು. ಕೆಲವರು ತೆಗೆಯದೆಯೇ ಬದುಕ್ತಾರೆ. ಕರುಳಿನ ಮದ್ದು ಹಿಡಿದ್ರೆ ತೆಗೀಲಿಕ್ಕೆ ನೋಡುವ" ಎಂದರು. ಮೊದಲೇ ಯಾರಾದರೂ ಹೀಗೆ ಹೇಳಿದ್ದರೆ ಅಪ್ಪಿ ಕುಸಿದುಹೋಗುತ್ತಿದ್ದಳು. ಈಗ, ಆಗಲಿ, ಇರಲಿ, ಎಂದು ತಲೆ ಆಡಿಸಿದಳು. ಅವಳ ಯೋಚನೆಯೆಲ್ಲ ಆ ಇನ್ನೊಂದರ ಮೇಲಿತ್ತು, ಕೊಯ್ದುಹೋದ ತಡೆಯುವ ಮಾಂಸದ ಮೇಲೆ.

ಮನೆಗೆ ಬಂದ ಮೇಲೆ, ತಡೆಯಲಿಕ್ಕೆ ಆಗುತ್ತದೆಯಾ ಎಂದು ಮಗಳನ್ನು ಕೇಳುವುದು ಹೇಗೆ? ತಾಯಿಯಾದವಳು, ಎಲ್ಲ ತೊಳೆದವಳು, ಎಲ್ಲ ನೋಡಿದವಳು, ಆದರೂ ಈ ಒಂದು ಪ್ರಶ್ನೆ ಬಾಯಿಗೆ ಬರುತ್ತಿರಲಿಲ್ಲ. ಒಗೆಯಲಿಕ್ಕೆ ಹಾಕಿದ ಬಟ್ಟೆಯನ್ನು ತಿರುಗಿಸಿ ನೋಡುತ್ತಿದ್ದಳು. ಮಗಳು ಕೆಮ್ಮಿದರೆ ಇವಳ ಕೈ ಬೀಡಿಯ ಮೇಲೆ ನಿಲ್ಲುತ್ತಿತ್ತು. ಮೊದಮೊದಲು ಕೆಮ್ಮಿದಾಗ, ಎದ್ದಾಗ, ಮಗಳ ಮುಖ ಬಿಳಿಚಿಕೊಳ್ಳುತ್ತಿತ್ತು. ಬಟ್ಟೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದಳು. ಆ ಬಟ್ಟೆಗಳನ್ನು ಅಪ್ಪಿಗೆ ಕೊಡುತ್ತಿರಲಿಲ್ಲ, ತಾನೇ ಒಗೆಯುತ್ತಿದ್ದಳು. ಇಬ್ಬರಿಗೂ ಗೊತ್ತಿದ್ದ ಸಂಗತಿಯೊಂದು ಮನೆಯೊಳಗೆ ಮೂರನೆಯವರ ಹಾಗೆ ಓಡಾಡಿಕೊಂಡಿತ್ತು.

ಡ್ರಿಪ್ಪಿನ ಮದ್ದು ಮುಂದುವರಿಯಿತು. ಹೊಟ್ಟೆ ಸ್ವಲ್ಪ ಹತೋಟಿಗೆ ಬಂತು. ಬಾವು ಇಳಿಯಿತು. ನಾಚಿಕೆಮುಳ್ಳು ತಂದ ನೆರೆಮನೆಯಾಕೆಗೆ ಅಪ್ಪಿ ಒಂದು ದಿನ ತಾನಾಗಿಯೇ, "ಅದು ಮೂಲವ್ಯಾಧಿ ಅಲ್ಲ ಮಾರಾಯ್ತಿ, ಕರುಳಿನ ಕಾಯಿಲೆ. ಮದ್ದು ತರ್ಬೇಡ" ಎಂದಳು. ಆಕೆಗೆ ಬೇಸರವಾಯಿತೋ ಏನೋ, ಎರಡು ದಿನ ಬರಲಿಲ್ಲ. ಮೂರನೆಯ ದಿನ ಗಂಜಿ ತೆಗೆದುಕೊಂಡು ಬಂದಳು.

ಯಶ್ಮಿತಾ ಅಂಗಡಿಗೆ ಅರ್ಧ ದಿನ ಹೋಗುತ್ತೇನೆಂದು ಹಟ ಹಿಡಿದಳು.

"ಅಲ್ಲಿ ಎಂತಾದ್ರೂ ಆದ್ರೆ?" ಎಂದಳು ಅಪ್ಪಿ.

"ಎಂತ ಆದ್ರೆ?" ಎಂದು ಮಗಳು ನೇರ ಮುಖ ನೋಡಿ ಕೇಳಿದಳು.

ಅಪ್ಪಿ ಕಣ್ಣು ತಗ್ಗಿಸಿದಳು. "ಬ್ಯಾಗಿನಲ್ಲಿ ಒಂದು ಜೊತೆ ಬಟ್ಟೆ ಇಟ್ಟುಕೋ."

"ಇಟ್ಟಾಗಿದೆ."

ಮೊದಲ ದಿನ ಅಪ್ಪಿಗೆ ಒಂದು ಕಟ್ಟು ಬೀಡಿಯೂ ಸರಿಯಾಗಿ ಮುಗಿಯಲಿಲ್ಲ. ಎಲೆ ಹರಿಯಿತು, ಹುಡಿ ಚೆಲ್ಲಿತು. ಮಧ್ಯಾಹ್ನ ಕಳೆದು, ಬಿಸಿಲು ಜಗಲಿಯ ಮೆಟ್ಟಿಲಿಗೆ ಬಂದಾಗ ಬಟ್ಯನ ಆಟೋ ಏರುದಾರಿಯಲ್ಲಿ ಕಿರುಚಿಕೊಂಡು ಬಂತು. ಪೂರ್ತಿ ನಿಲ್ಲುವ ಮೊದಲೇ ಯಶ್ಮಿತಾ ಇಳಿದಳು. ಓಡುವುದೂ ಅಲ್ಲ, ನಡೆಯುವುದೂ ಅಲ್ಲ, ತೊಡೆಗಳನ್ನು ಒತ್ತಿಕೊಂಡು, ತುಟಿ ಕಚ್ಚಿಕೊಂಡು ತಾಯಿಯ ಪಕ್ಕದಿಂದ ಹಾದು ಹಿಂದಿನ ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡಳು.

"ಎಂತ ಅಪ್ಪಿ, ನಿನ್ನ ಮಗಳು ಬೇಗ ಬೇಗ ಅಂತ ನನ್ನ ಬೆನ್ನಿಗೆ ಗುದ್ದಿ ಗುದ್ದಿ ಹಾಕಿದಳು" ಎಂದು ಬಟ್ಯ ಅಂಗಳದಿಂದ ಕೂಗಿದ. "ಹೊಂಡ ಒಂದನ್ನೂ ಬಿಡದೆ ಹಾರಿಸಿಕೊಂಡು ಬಂದೆ. ಎಂತ ಆಯ್ತು?"

"ನೀನು ಹೋಗು ಬಟ್ಯಣ್ಣ" ಎಂದಳು ಅಪ್ಪಿ. ಮಡಿಲಿನ ತಡ್ಪೆಯನ್ನು ಕೆಳಗಿಟ್ಟು ಎದ್ದಳು. ಮಂಡಿ ಕಟಕ್ಕೆಂದಿತು. ಕಕ್ಕಸಿನ ಬಾಗಿಲ ಹತ್ತಿರ ಹೋಗಿ ನಿಂತಳು. ಒಳಗೆ ನೀರಿನ ಶಬ್ದ. ಬಾಗಿಲಿನ ಹಲಗೆಗೆ ಅಂಗೈ ಇಟ್ಟಳು.

"ಅಮ್ಮ, ಅಲ್ಲೇ ಇದ್ದೀಯಾ?"

"ಇದ್ದೇನೆ."

"ಉಪ್ಪಳದಲ್ಲೇ ಬಂತು. ಅಂಗಡಿಯ ಕಕ್ಕಸಿಗೆ ಬೀಗ. ಕೀಲಿಕೈ ಯಾರ ಹತ್ತಿರವೋ." ಒಳಗಿನ ಸ್ವರ ಏದುಸಿರು ಬಿಡುತ್ತಿತ್ತು. "ಇಲ್ಲಿವರೆಗೆ ತಡೆದೆ."

ಅಪ್ಪಿ ಗೋಡೆ ಹಿಡಿದುಕೊಂಡಳು.

"ಪೂರ್ತಿಯಾ?"

ಒಳಗೆ ನೀರಿನ ಶಬ್ದ ನಿಂತಿತು.

"ಪೂರ್ತಿ ಅಲ್ಲ. ಸ್ವಲ್ಪ ಹೋಗಿದೆ."

"ಸ್ವಲ್ಪ ಅಂದ್ರೆ ಎಷ್ಟು?"

"ಅಮ್ಮ! ಇನ್ನು ಅದನ್ನೂ ಅಳೀತೀಯಾ?"

ಆ ಸ್ವರದಲ್ಲಿ ಸಿಟ್ಟಿತ್ತು, ಸುಸ್ತಿತ್ತು. ಅದರಾಚೆಗೆ ಇನ್ನೂ ಏನೋ ಇತ್ತು, ನಗುವೇ ಇರಬೇಕು. ಸ್ವಲ್ಪ. ಮೇಡಂ ಹೇಳಿದ ಅದೇ ಶಬ್ದ. ಇಷ್ಟು ಇನ್ನು ಹೀಗೆಯೇ ಇರಬಹುದು, ಇದಕ್ಕಿಂತ ಸರಿಯಾಗಲೂಬಹುದು, ಯಾರು ಹೇಳುತ್ತಾರೆ? ಅಪ್ಪಿ ಬಾಗಿಲ ಹೊರಗಿನ ಕಲ್ಲಿನ ಮೇಲೆ ಕೂತಳು. ಮಗಳು ಬರುವಾಗ ಬರಲಿ. ಅವಸರ ಮಾಡಬಾರದು.

"ಮೆಲ್ಲ ಬಾ ಮಗಾ" ಎಂದಳು. "ನಾನು ಇಲ್ಲೇ ಕೂತಿದ್ದೇನೆ."